ತಟ್ಟೆಯ ಮೇಲೆ ಹೊರಿಸಿದ ಹೊಣೆ

ಅಮೆರಿಕದ ಕಪ್ಪು ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಿಳಿಯರಿಗಿಂತ ಸುಮಾರು ಶೇ 70ರಷ್ಟು ಹೆಚ್ಚಾಗಿ ಬರುತ್ತದೆ. ಅದರಿಂದ ಸಾಯುವವರ ಪ್ರಮಾಣ ಬಿಳಿಯರ ಎರಡು ಪಟ್ಟನ್ನೂ ಮೀರುತ್ತದೆ. ಈ ಅಂಕಿಗಳ ಬಗ್ಗೆ ಯಾರಿಗೂ ತಕರಾರಿಲ್ಲ. ಕಾರಣದ ಮಾತು ಬಂದಾಗ ಮಾತ್ರ ಪಂಡಿತರು ಮೂರು ಪಾಳೆಯಗಳಾಗಿ ಒಡೆಯುತ್ತಾರೆ. ಒಬ್ಬರು ವಂಶವಾಹಿ ಎನ್ನುತ್ತಾರೆ, ಇನ್ನೊಬ್ಬರು ಬಡತನ ಮತ್ತು ಆಸ್ಪತ್ರೆಯ ಬಾಗಿಲು ಎನ್ನುತ್ತಾರೆ, ಮೂರನೆಯವರು ಊಟ ಎನ್ನುತ್ತಾರೆ. ಜನಪ್ರಿಯತೆಯಲ್ಲಿ ಗೆದ್ದಿರುವುದು ಮೂರನೆಯ ಪಾಳೆಯ. ಪತ್ರಿಕೆಗಳ ಆರೋಗ್ಯ ಪುಟಕ್ಕೆ ಊಟದಷ್ಟು ಒಗ್ಗುವ ವಿಷಯ ಬೇರೊಂದಿಲ್ಲ. ವಂಶವಾಹಿಯ ಬಗ್ಗೆ ಓದುಗನಿಗೆ ಸಲಹೆ ಕೊಡಲಾಗದು. ವಿಮೆಯ ಬಗ್ಗೆ ಕೊಟ್ಟರೆ ಅದು ರಾಜಕೀಯವಾಗುತ್ತದೆ. ಮಾಂಸ ಕಡಿಮೆ ಮಾಡಿ ಎಂದರೆ ಯಾರಿಗೂ ನೋವಾಗದು, ಹೇಳಿದವನಿಗೆ ಖರ್ಚೂ ಇಲ್ಲ.

ಈ ಪಾಳೆಯದ ಕೀರ್ತಿಯ ಬಹುಪಾಲು ನಿಂತಿರುವುದು ಒಂದೇ ಯೋಜನೆಯ ಮೇಲೆ. ಅದು ನಾರ್ತ್ ಕ್ಯಾರೊಲಿನಾ–ಲೂಯಿಸಿಯಾನಾ ಪ್ರಾಸ್ಟೇಟ್ ಕ್ಯಾನ್ಸರ್ ಪ್ರಾಜೆಕ್ಟ್. ಇದಕ್ಕೆ ಹಣ ಕೊಟ್ಟದ್ದು ಅಮೆರಿಕದ ರಕ್ಷಣಾ ಇಲಾಖೆ. 2004ರಿಂದಾಚೆಗೆ, ಹೊಸದಾಗಿ ರೋಗ ಪತ್ತೆಯಾದ 2,200ಕ್ಕೂ ಹೆಚ್ಚು ಗಂಡಸರನ್ನು ಇದಕ್ಕೆ ಸೇರಿಸಿಕೊಂಡರು. ಅವರಲ್ಲಿ ಹೆಚ್ಚುಕಡಿಮೆ ಅರ್ಧ ಕಪ್ಪು ಜನ, ಅರ್ಧ ಬಿಳಿಯರು. ಇದರ ಹಿರಿಮೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕಪ್ಪು ಜನರನ್ನು ಬೆರಳೆಣಿಕೆಯಲ್ಲಿ ಸೇರಿಸಿ ಮಿಕ್ಕದ್ದನ್ನು ಊಹೆಗೆ ಬಿಡುವುದು ಅಮೆರಿಕದ ವೈದ್ಯಕೀಯ ಸಂಶೋಧನೆಯ ಹಳೆಯ ಚಾಳಿ, ಈ ಯೋಜನೆ ಅದನ್ನು ಮುರಿಯಿತು. ತರಬೇತಿ ಪಡೆದ ನರ್ಸುಗಳು ಮನೆಮನೆಗೆ ಹೋಗಿ ಪ್ರಶ್ನೆ ಕೇಳಿದರು, ರಕ್ತ ತೆಗೆದುಕೊಂಡರು, ಸೊಂಟದ ಸುತ್ತಳತೆ ನೋಡಿದರು. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಆಹಾರ ಪ್ರಶ್ನಾವಳಿಗೆ ದಕ್ಷಿಣದ ಅಡುಗೆಗಳನ್ನು ಸೇರಿಸಿದರು. 2005ರ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸನ್ನೇ ಮುಳುಗಿಸಿ ಕೆಲಸ ನಿಲ್ಲಿಸಿದರೂ ಲೂಯಿಸಿಯಾನಾದಲ್ಲಿ ಮತ್ತೆ ಶುರು ಮಾಡಿದರು. ಇಷ್ಟು ಶ್ರಮದಿಂದ ಕೂಡಿಸಿದ ಮಾಹಿತಿಯಿಂದ ಏನನ್ನು ಹೊರಡಿಸಿದರು ಎನ್ನುವಲ್ಲಿಂದ ನನ್ನ ಭಿನ್ನಾಭಿಪ್ರಾಯ ಶುರುವಾಗುತ್ತದೆ.

ಲೆನೋರ್ ಅರಬ್ ಮತ್ತು ಸಂಗಡಿಗರು 2013ರಲ್ಲಿ ‘ನ್ಯೂಟ್ರಿಷನ್ ಅಂಡ್ ಕ್ಯಾನ್ಸರ್’ ಪತ್ರಿಕೆಯಲ್ಲಿ ಬರೆದ ಪ್ರಬಂಧ ಇದಕ್ಕೆ ಒಳ್ಳೆಯ ಮಾದರಿ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಎಲ್ಲರಿಗೂ ಕೊಡುವ ಜೀವನಕ್ರಮದ ಸಲಹೆಗಳಿವೆ: ತೂಕ ಹತೋಟಿಯಲ್ಲಿರಲಿ, ಮೈ ದಂಡಿಸಿ, ಕೆಂಪು ಮಾಂಸ ಕಡಿಮೆ ಮಾಡಿ, ಕ್ಯಾಲೊರಿ ಕಿಕ್ಕಿರಿದ ತಿಂಡಿ ಬಿಡಿ, ತರಕಾರಿ ತಿನ್ನಿ. ಯಾರು ಎಷ್ಟು ಸಲಹೆ ಪಾಲಿಸಿದ್ದಾರೆ ಎಂದು ಅಂಕ ಹಾಕಿ ಕೂಡಿಸಿದರು. ಒಂದೊಂದು ಅಂಕ ಹೆಚ್ಚಿದಂತೆ ಉಗ್ರ ಕ್ಯಾನ್ಸರಿನ ಸಂಭವ ಶೇ 13ರಷ್ಟು ಇಳಿಯುತ್ತದೆ, ನಾಲ್ಕಕ್ಕಿಂತ ಕಡಿಮೆ ಅಂಕ ಬಂದವರಿಗೆ ಅದು ಶೇ 38ರಷ್ಟು ಹೆಚ್ಚು ಎಂಬುದು ಫಲಿತಾಂಶ. ಬಿಡಿಬಿಡಿಯಾಗಿ ನೋಡಿದಾಗ ಗಟ್ಟಿಯಾಗಿ ನಿಂತದ್ದು ಎರಡು ಸಲಹೆಗಳು ಮಾತ್ರ: ವಾರಕ್ಕೆ 500 ಗ್ರಾಂಗಿಂತ ಕಡಿಮೆ ಕೆಂಪು ಮಾಂಸ, ನೂರು ಗ್ರಾಂ ಆಹಾರಕ್ಕೆ 125 ಕ್ಯಾಲೊರಿ ಮೀರದ ಊಟ. ಕಪ್ಪು ಜನರಲ್ಲೂ ಬಿಳಿಯರಲ್ಲೂ ಫಲ ಒಂದೇ ರೀತಿ. ಇಂಥ ಸಲಹೆ ಪಾಲಿಸಿದರೆ ಉಗ್ರತೆ ಕಡಿಮೆಯಾಗುತ್ತದೆ ಎಂದು ಪ್ರಬಂಧದ ತಲೆಬರಹವೇ ಸಾರುತ್ತದೆ.

ತಲೆಬರಹ ಹೇಳುವುದು ಒಂದು, ಒಳಗೆ ಅಳೆದಿರುವುದು ಇನ್ನೊಂದು. ಇಲ್ಲಿ ಯಾರ ಉಗ್ರತೆಯೂ ಕಡಿಮೆಯಾದದ್ದನ್ನು ಯಾರೂ ಕಂಡಿಲ್ಲ. ಯಾರ ಊಟವನ್ನೂ ಬದಲಿಸಿ ನೋಡಿಲ್ಲ. ಕ್ಯಾನ್ಸರ್ ಇಲ್ಲದ ಒಬ್ಬನೂ ಅಧ್ಯಯನದಲ್ಲಿಲ್ಲ, ಸೇರಿದವರೆಲ್ಲ ರೋಗಿಗಳೇ. ಅವರಲ್ಲಿ ಉಗ್ರ ಗಡ್ಡೆಯವರನ್ನು ಒಂದು ಕಡೆ, ಅಷ್ಟು ಉಗ್ರವಲ್ಲದ ಗಡ್ಡೆಯವರನ್ನು ಇನ್ನೊಂದು ಕಡೆ ನಿಲ್ಲಿಸಿ, ರೋಗ ಪತ್ತೆಯಾಗುವ ಹಿಂದಿನ ಒಂದು ವರ್ಷ ಏನು ತಿಂದಿರಿ ಎಂದು ಕೇಳಲಾಗಿದೆ. ಹಾಗಾದರೆ ಉಗ್ರ ಎಂದು ಯಾವುದನ್ನು ಕರೆದರು? ನನ್ನ ಪ್ರಕಾರ ಇಡೀ ವಾದದ ಕೀಲು ಇರುವುದು ಇಲ್ಲೇ. ಇದನ್ನು ದಾಟಿ ಓಡುವ ವಿಮರ್ಶಕರ ಮೇಲೂ ನನಗೆ ಸಿಟ್ಟಿದೆ.

ಯೋಜನೆಯ ವ್ಯಾಖ್ಯೆ ಹೀಗಿದೆ. ಗ್ಲೀಸನ್ ಅಂಕ 8 ಅಥವಾ ಹೆಚ್ಚಿದ್ದರೆ ಉಗ್ರ. ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿ ರಕ್ತಕ್ಕೆ ಬಿಡುವ ಒಂದು ಪ್ರೋಟೀನು) ಮಿಲಿಲೀಟರಿಗೆ 20 ನ್ಯಾನೊಗ್ರಾಂ ದಾಟಿದ್ದರೂ ಉಗ್ರ. ಗ್ಲೀಸನ್ 7 ಇದ್ದು ಗಡ್ಡೆ ಗ್ರಂಥಿಯ ಹೊದಿಕೆ ಮೀರಿ ಬೆಳೆದಿದ್ದರೂ ಉಗ್ರ. ಗ್ಲೀಸನ್ 7ಕ್ಕಿಂತ ಕಡಿಮೆ, ಗಡ್ಡೆ ಗ್ರಂಥಿಯೊಳಗೇ ಇದೆ, ಪಿಎಸ್‌ಎ 10 ದಾಟಿಲ್ಲ ಎಂದರೆ ಸೌಮ್ಯ. ಮಿಕ್ಕವರು ನಡುವಿನವರು. ಮೂರು ಅಳತೆಗಳೂ ಯಾವ ವೈದ್ಯನಿಗಾದರೂ ಪರಿಚಿತ, ಚಿಕಿತ್ಸೆ ನಿರ್ಧರಿಸಲು ಉಪಯುಕ್ತ. ಆದರೆ ಅವು ಮೂರೂ ಒಂದೇ ಜಾತಿಯವಲ್ಲ. 1966ರಲ್ಲಿ ಡೊನಾಲ್ಡ್ ಗ್ಲೀಸನ್ ರೂಪಿಸಿದ ಅಂಕ ಸೂಕ್ಷ್ಮದರ್ಶಕದಡಿ ಗ್ರಂಥಿಗಳು ಎಷ್ಟು ಕೆಟ್ಟಿವೆ ಎಂದು ಹೇಳುತ್ತದೆ, ಅದರಲ್ಲಿ ಗಡ್ಡೆಯ ಸ್ವಭಾವ ಸಾಕಷ್ಟು ಕಾಣುತ್ತದೆ. ಪಿಎಸ್‌ಎ ಮಟ್ಟ ಮತ್ತು ಹಂತದ ಮಾತು ಬೇರೆ. ಅವು ಸ್ವಭಾವದ ಜೊತೆಗೆ ಕಾಲವನ್ನೂ ಅಳೆಯುತ್ತವೆ. ಒಂದೇ ಗಡ್ಡೆಯನ್ನು 55ನೇ ವಯಸ್ಸಿನಲ್ಲಿ ಹಿಡಿದರೆ ಪಿಎಸ್‌ಎ 6 ಇರಬಹುದು, ಏಳೆಂಟು ವರ್ಷ ಬಿಟ್ಟು ಹಿಡಿದರೆ 25 ಆಗಿರಬಹುದು, ಹೊದಿಕೆಯನ್ನೂ ದಾಟಿರಬಹುದು. ಮೊದಲನೆಯವನು ಸೌಮ್ಯ ಪಟ್ಟಿಗೆ, ಎರಡನೆಯವನು ಉಗ್ರ ಪಟ್ಟಿಗೆ. ಗಡ್ಡೆ ಅದೇ, ಡಾಕ್ಟರ ಮುಂದೆ ಕೂತ ಇಸವಿ ಮಾತ್ರ ಬೇರೆ.

ಈಗ ಇನ್ನೊಂದು ಪ್ರಶ್ನೆ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಂಡು ಬೇಗ ಸಿಕ್ಕಿಬೀಳುವ ಗಂಡಸು ಎಂಥವನು? ವಿಮೆ ಇರುವವನು. ಕೆಲಸದಿಂದ ರಜೆ ಸಿಗುವವನು. ಡಾಕ್ಟರ ಮಾತನ್ನು ನಂಬುವವನು. ಆ ಡಾಕ್ಟರೇ ಅವನಿಗೆ ಕೆಂಪು ಮಾಂಸ ಕಡಿಮೆ ಮಾಡಿ, ನಡೆದಾಡಿ ಎಂದೂ ಹೇಳಿರುತ್ತಾರೆ. ಅವನ ತಟ್ಟೆಯಲ್ಲಿ ಸೊಪ್ಪು ಹೆಚ್ಚು, ಅವನ ಪಿಎಸ್‌ಎ ಕಡಿಮೆ. ಎರಡೂ ಒಂದೇ ಬೇರಿನಿಂದ ಬಂದವು. ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲು ಈ ಅಧ್ಯಯನದ ಬಳಿ ಆಧಾರವಿಲ್ಲ. ಯೋಜನೆಯ ಸಂಶೋಧಕರು ದಡ್ಡರಲ್ಲ, ಈ ಆಕ್ಷೇಪ ಅವರಿಗೂ ಗೊತ್ತು. ಹಿಂದೆ ಪಿಎಸ್‌ಎ ಪರೀಕ್ಷೆ ಮಾಡಿಸಿದ್ದಿರಾ ಎಂದು ಕೇಳಿ ಲೆಕ್ಕದಲ್ಲಿ ಸರಿದೂಗಿಸುವ ಕ್ರಮವೂ ಯೋಜನೆಯ ಪ್ರಬಂಧಗಳಲ್ಲಿದೆ. ಆದರೆ ರೋಗಿ ನೆನಪಿನಿಂದ ಕೊಟ್ಟ ಉತ್ತರಕ್ಕೆ ಅಷ್ಟು ಭಾರ ಹೊರುವ ತ್ರಾಣವಿಲ್ಲ. ಹೇಗೋ ಒಮ್ಮೆ ಪರೀಕ್ಷೆ ಆದವನೂ, ಹತ್ತು ವರ್ಷ ಅದೇ ಡಾಕ್ಟರ ಬಳಿ ಹೋದವನೂ, ಏರಿದ ಅಂಕಿ ನೋಡಿ ತಿಂಗಳೊಳಗೆ ಬಯಾಪ್ಸಿಗೆ ಹೋದವನೂ, ಅದನ್ನು ಮೂರು ವರ್ಷ ಮುಂದೂಡಿದವನೂ ಆ ಒಂದು ಪ್ರಶ್ನೆಗೆ ಒಂದೇ ಉತ್ತರ ಕೊಡಬಹುದು.

ಇದೇ ಯೋಜನೆಯಿಂದ 2017ರಲ್ಲಿ ಬಂದ, ಎಮ್ಮಾ ಆಲಟ್ ಮತ್ತು ಸಂಗಡಿಗರ ಪರ್ಯಾಪ್ತ ಕೊಬ್ಬಿನ ಪ್ರಬಂಧ ನನ್ನ ಸಂಶಯಕ್ಕೆ ಇನ್ನಷ್ಟು ಇಂಬು ಕೊಡುತ್ತದೆ. ಬೆಣ್ಣೆ, ಚೀಸು, ಮಾಂಸದ ಕೊಬ್ಬು ಹೆಚ್ಚು ತಿಂದವರಲ್ಲಿ ಉಗ್ರ ಕ್ಯಾನ್ಸರ್ ಹೆಚ್ಚು ಎಂದು ಅದು ಹೇಳುತ್ತದೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ನಂಟು ಸಡಿಲ ಎಂದೂ ಸೇರಿಸುತ್ತದೆ. ಕೊಲೆಸ್ಟರಾಲಿನಿಂದಲೇ ಗಂಡು ಹಾರ್ಮೋನು ತಯಾರಾಗುವುದರಿಂದ ಮಾತ್ರೆ ಆ ದಾರಿಯನ್ನು ತಡೆದಿರಬಹುದು ಎಂಬ ವಿವರಣೆ ಅಸಂಬದ್ಧವೇನಲ್ಲ. ಆದರೆ ಸ್ಟ್ಯಾಟಿನ್ ನುಂಗುವವನು ಯಾರು? ಯಾರೋ ಡಾಕ್ಟರು ರಕ್ತ ನೋಡಿ ಚೀಟಿ ಬರೆದುಕೊಟ್ಟವನು. ಮತ್ತೆ ಅದೇ ಮನುಷ್ಯ, ಮತ್ತೆ ಅದೇ ದವಾಖಾನೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಕೊಬ್ಬಿನ ನಂಟು ಬಿಳಿಯರಲ್ಲಿ ಬಲವಾಗಿತ್ತು, ಕಪ್ಪು ಜನರಲ್ಲಿ ದುರ್ಬಲವಾಗಿತ್ತು. ಕಪ್ಪು ಜನರ ರೋಗ ಏಕೆ ಉಗ್ರ ಎಂದು ತಿಳಿಯಲು ಹೊರಟವರಿಗೆ ಸಿಕ್ಕ ಆಹಾರದ ಕಾರಣ ಬಿಳಿಯರಿಗೇ ಹೆಚ್ಚು ಹೊಂದುತ್ತದೆ ಎಂದಾದರೆ, ಜನಾಂಗಗಳ ನಡುವಿನ ಅಂತರ ಅದರಿಂದ ಹೇಗೆ ಅರ್ಥವಾಗಬೇಕು?

ಅರಬ್ ಅವರ ಅಂಕಿಗಳನ್ನೇ ನಂಬಿ ಒಂದು ಸಣ್ಣ ಲೆಕ್ಕ ಮಾಡೋಣ. ಕಪ್ಪು ಗಂಡಸರೆಲ್ಲರೂ ನಾಲ್ಕಕ್ಕಿಂತ ಕಡಿಮೆ ಅಂಕದವರು, ಬಿಳಿಯರೆಲ್ಲರೂ ನಾಲ್ಕು ದಾಟಿದವರು ಎಂದೇ ಇಟ್ಟುಕೊಳ್ಳಿ. ಭೂಮಿಯ ಮೇಲೆ ಅಂಥ ಊರಿಲ್ಲ, ಆದರೂ ಇರಲಿ. ಆಗಲೂ ಅಂತರ ಶೇ 38ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಎರಡು ಪಟ್ಟಾಗುವುದಿಲ್ಲ. ಅಂಕಕ್ಕೆ ಶೇ 13ರ ಲೆಕ್ಕ ಹಿಡಿದರೆ, ಎರಡು ಪಟ್ಟಿನ ಅಂತರ ಬರಲು ಎರಡು ಜನಾಂಗಗಳ ಸರಾಸರಿಯಲ್ಲಿ ಐದು ಅಂಕಗಳ ವ್ಯತ್ಯಾಸ ಬೇಕು. ನಾಲ್ಕನ್ನೇ ಗಡಿಯಾಗಿ ಇಟ್ಟುಕೊಂಡ ಅಳತೆಗೋಲಿನಲ್ಲಿ ಅದು ಆಗುವ ಹೋಗುವ ಮಾತಲ್ಲ. ಪತ್ತೆಯಾದಾಗಿನ ಉಗ್ರತೆ ಬೇರೆ, ಸಾವಿನ ಪ್ರಮಾಣ ಬೇರೆ ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪುತ್ತೇನೆ. ಹಾಗಿದ್ದರೆ ಸಾವಿನ ಅಂತರವನ್ನು ವಿವರಿಸುವಾಗ ಈ ಪ್ರಬಂಧವನ್ನು ಎಳೆದು ತರುವುದನ್ನು ಬಿಡಬೇಕು. ಅಂಕ ಕೂಡಿಸುವ ಕ್ರಮವೂ ವಿಚಿತ್ರ. ಕನ್ನಡ, ಗಣಿತ, ಡ್ರಾಯಿಂಗಿನ ಅಂಕಗಳನ್ನು ಕೂಡಿಸಿ ಹುಡುಗ ಹೆಚ್ಚು ಎತ್ತರಕ್ಕೆ ಜಿಗಿಯುತ್ತಾನೆ ಎಂದ ಹಾಗೆ, ಮಾಂಸ, ವ್ಯಾಯಾಮ, ತೂಕ ಎಲ್ಲಕ್ಕೂ ಸಮಾನ ಬೆಲೆ ಕಟ್ಟಿ, ಕೊನೆಗೆ ಎರಡೇ ವಿಷಯ ಪಾಸಾದದ್ದನ್ನು ಒಟ್ಟು ಮೊತ್ತದ ಗೆಲುವೆಂದು ತೋರಿಸಲಾಗಿದೆ.

ಹಿಂದಿನ ಒಂದು ವರ್ಷದ ಊಟ ಎಂಬ ಪ್ರಶ್ನೆಯನ್ನೂ ಸುಮ್ಮನೆ ಬಿಡುವಂತಿಲ್ಲ. 1990ರ ದಶಕದ ಮೊದಲಲ್ಲಿ ಡೆಟ್ರಾಯಿಟ್‌ನಲ್ಲಿ ವಾಯೆಲ್ ಸಾಕ್ರ್ ಮತ್ತು ಸಂಗಡಿಗರು ಬೇರೆ ಕಾರಣಗಳಿಂದ ಸತ್ತ ಗಂಡಸರ ಪ್ರಾಸ್ಟೇಟ್ ಕೊಯ್ದು ನೋಡಿದ್ದರು. ಮೂವತ್ತರ ಹರೆಯದವರಲ್ಲೇ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಸಣ್ಣ ಕ್ಯಾನ್ಸರ್ ಕಣಗಳಿದ್ದವು, ನಲವತ್ತರವರಲ್ಲಿ ಮೂವರಲ್ಲಿ ಒಬ್ಬರಿಗೆ. ಕಪ್ಪು ಬಿಳುಪಿನ ನಡುವೆ ಹೇಳಿಕೊಳ್ಳುವ ಅಂತರವಿರಲಿಲ್ಲ. ಅಂದರೆ ಬೀಜ ಬೀಳುವುದು ಇಬ್ಬರಲ್ಲೂ ಬೇಗ, ಬೇರೆಯಾಗುವುದು ಮುಂದಿನ ಮೂರು ದಶಕಗಳ ನಡೆ. ಅರವತ್ತೆರಡನೆಯ ವಯಸ್ಸಿನಲ್ಲಿ ತಿಂದದ್ದನ್ನು ಕೇಳಿ ಮೂವತ್ತೆರಡರಿಂದ ಬೆಳೆದದ್ದಕ್ಕೆ ಕಾರಣ ಹೇಳುವುದು ಧೈರ್ಯದ ಕೆಲಸ. ಕ್ಯಾನ್ಸರ್ ಎಂದು ಕೇಳಿಸಿಕೊಂಡ ಕೂಡಲೇ ಮನುಷ್ಯ ತನ್ನ ಊಟದ ಚರಿತ್ರೆಯನ್ನೇ ಪಶ್ಚಾತ್ತಾಪದಿಂದ ತಿದ್ದಿ ಹೇಳುತ್ತಾನೆ ಎಂಬುದೂ ಇದಕ್ಕೆ ಸೇರಿಕೊಳ್ಳುತ್ತದೆ.

ಊಟದ ಪಾಳೆಯಕ್ಕೆ ನಿಜವಾದ ಪರೀಕ್ಷೆಗಳು ಆಗದೆ ಇಲ್ಲ. 2001ರಲ್ಲಿ ಶುರುವಾದ ಸೆಲೆಕ್ಟ್ ಪ್ರಯೋಗದಲ್ಲಿ 35 ಸಾವಿರಕ್ಕೂ ಹೆಚ್ಚು ಗಂಡಸರಿಗೆ ಸೆಲೀನಿಯಂ, ವಿಟಮಿನ್ ಇ ಕೊಟ್ಟು ನೋಡಿದರು. 2008ರಲ್ಲಿ ಮಾತ್ರೆ ನಿಲ್ಲಿಸಬೇಕಾಯಿತು. 2011ರ ಹೊತ್ತಿಗೆ ವಿಟಮಿನ್ ಇ ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಾಗಿತ್ತು. 2020ರಲ್ಲಿ ಬಂದ ಮೀಲ್ ಪ್ರಯೋಗ ಇನ್ನೂ ಸ್ಪಷ್ಟ. ಆರಂಭದ ಹಂತದ ಕ್ಯಾನ್ಸರ್ ಇದ್ದು ಚಿಕಿತ್ಸೆಯಿಲ್ಲದೆ ನಿಗಾದಲ್ಲಿದ್ದ 478 ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ ದಿನಕ್ಕೆ ಏಳು ಪಾಲು ತರಕಾರಿ ತಿನ್ನಿ ಎಂದು ಫೋನಿನಲ್ಲಿ ಬುದ್ಧಿ ಹೇಳಿದರು. ಅವರು ನಿಜಕ್ಕೂ ಹೆಚ್ಚು ತರಕಾರಿ ತಿಂದರು, ರಕ್ತದಲ್ಲಿ ತರಕಾರಿಯ ಬಣ್ಣದ ವಸ್ತುವಾದ ಕ್ಯಾರೊಟಿನಾಯ್ಡು ಏರಿದ್ದೇ ಸಾಕ್ಷಿ. ಎರಡು ವರ್ಷ ಕಳೆದರೂ ರೋಗದ ನಡೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಟೊಮೆಟೊ ಕಥೆಯೂ ಇದೇ. 1995ರ ಹಾರ್ವರ್ಡ್ ಅಧ್ಯಯನದಿಂದ ಎದ್ದ, ಟೊಮೆಟೊದಲ್ಲಿರುವ ಲೈಕೋಪೀನಿನ ಕೀರ್ತಿಗೆ 2005ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಆಧಾರ ತೀರಾ ಕಡಿಮೆ ಎಂದಿತು. 2007ರಲ್ಲಿ ಅದನ್ನು ‘ಸಂಭವನೀಯ’ ಎಂದಿದ್ದ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯೇ 2014ರಲ್ಲಿ ಯಾವ ತೀರ್ಮಾನಕ್ಕೂ ಬರಲಾಗದು ಎಂದು ಹಿಂದೆ ಸರಿಯಿತು. ನಮ್ಮ ಕನ್ನಡ ಪತ್ರಿಕೆಗಳ ಆರೋಗ್ಯ ಅಂಕಣಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ, ಅಲ್ಲಿ ಟೊಮೆಟೊ ಇಂದಿಗೂ ಪ್ರಾಸ್ಟೇಟ್ ಕಾಯುತ್ತಿದೆ. 2014ರ ಅದೇ ವರದಿ ಬೊಜ್ಜಿಗೂ ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರಿಗೂ ನಂಟಿದೆ ಎಂದು ಬಲವಾಗಿ ಹೇಳಿತು. ಅದನ್ನು ನಾನು ಒಪ್ಪುತ್ತೇನೆ. ಆದರೆ ಬೊಜ್ಜಿನ ಮಾತು ಆಡಿದರೆ ಬೊಜ್ಜಿನ ಮಾತಾಗಿಯೇ ಆಡಬೇಕು, ಕಪ್ಪು ಜನರ ಅಡುಗೆಮನೆಯ ಮೇಲೆ ತೀರ್ಪಾಗಿ ಅಲ್ಲ.

ಇಷ್ಟು ಓದಿ ಕೆಲವರು ನನ್ನನ್ನು ಜಾನ್ ಅಯೊನಿಡಿಸ್ ಪಕ್ಷಕ್ಕೆ ಸೇರಿಸಬಹುದು. ಹಳೆಯ ಬಾಸ್ಟನ್ ಅಡುಗೆ ಪುಸ್ತಕದಿಂದ 50 ಪದಾರ್ಥಗಳನ್ನು ಎತ್ತಿ, ಅವುಗಳಲ್ಲಿ 40ರ ಮೇಲೆ ಕ್ಯಾನ್ಸರ್ ಅಧ್ಯಯನಗಳಾಗಿವೆ ಎಂದು ಶೋನ್‌ಫೆಲ್ಡ್ ಜೊತೆ ತೋರಿಸಿ ನಗಿಸಿದವರು ಅವರು. 2018ರಲ್ಲಿ ಇಡೀ ಆಹಾರ ಸಂಶೋಧನೆಯೇ ಬುಡಮೇಲಾಗಿ ಸುಧಾರಿಸಬೇಕು ಎಂದವರೂ ಅವರೇ. ನನಗೆ ಆ ಪಕ್ಷ ಬೇಡ. ಎಲ್ಲ ಆಹಾರ ಸಂಶೋಧನೆಯೂ ಕಸ ಎಂಬ ಮಾತಿಗೆ ಚಪ್ಪಾಳೆ ಸುಲಭ. ಅದರಿಂದ ಈ ನಿರ್ದಿಷ್ಟ ಪ್ರಬಂಧದ ನಿರ್ದಿಷ್ಟ ದೋಷ ಮರೆಯಾಗುತ್ತದೆ. ಇಲ್ಲಿನ ತೊಂದರೆ ಅಳತೆ ಒರಟಾಗಿದೆ ಎಂಬುದಲ್ಲ. ನರ್ಸುಗಳು ಚೆನ್ನಾಗಿಯೇ ಅಳೆದಿದ್ದಾರೆ. ರೋಗ ಯಾವಾಗ ಸಿಕ್ಕಿತು ಎಂಬ ಪ್ರಶ್ನೆಯ ಉತ್ತರವನ್ನು ರೋಗ ಏಕೆ ಉಗ್ರವಾಯಿತು ಎಂಬ ಪ್ರಶ್ನೆಯ ಕೆಳಗೆ ಬರೆದುಕೊಂಡದ್ದು ತೊಂದರೆ. ಅಳತೆಯನ್ನು ಇನ್ನಷ್ಟು ನಯ ಮಾಡಿದರೆ ಆ ತಪ್ಪು ಹೋಗುವುದಿಲ್ಲ, ಇನ್ನಷ್ಟು ನಯವಾಗಿ ಮುಂದುವರಿಯುತ್ತದೆ.

ಇನ್ನೊಂದು ದಿಕ್ಕಿನ ವಿಮರ್ಶಕರೊಂದಿಗೂ ನನಗೆ ಜಗಳವಿದೆ. ಜನಾಂಗ ಎಂಬುದೇ ಸಾಮಾಜಿಕ ಕಟ್ಟುಕತೆ, ಆದ್ದರಿಂದ ಎಲ್ಲ ಅಂತರವೂ ಆಸ್ಪತ್ರೆಯ ಬಾಗಿಲಲ್ಲೇ ಮುಗಿಯುತ್ತದೆ ಎನ್ನುವವರು ಇವರು. ಇವರಿಗೆ ಪ್ರಿಯವಾದ ಸಾಕ್ಷ್ಯ ಬಹಳ ಒಳ್ಳೆಯದು. ಅಮೆರಿಕದ ಮಾಜಿ ಸೈನಿಕರ ಆರೋಗ್ಯ ವ್ಯವಸ್ಥೆಯಲ್ಲಿ ಎಲ್ಲರಿಗೂ ಒಂದೇ ಬಾಗಿಲು. ಅಲ್ಲಿನ 60 ಸಾವಿರ ರೋಗಿಗಳನ್ನು ನೋಡಿ 2020ರಲ್ಲಿ ಬಂದ ಅಧ್ಯಯನದಲ್ಲಿ, ಹತ್ತು ವರ್ಷಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತ ಕಪ್ಪು ಜನ ಶೇ 4.4, ಬಿಳಿಯರು ಶೇ 5.1. ಹೊರಗಿನ ಲೋಕದ ಎರಡು ಪಟ್ಟು ಅಲ್ಲಿ ಮಾಯ. 2019ರಲ್ಲಿ ಡೆಸ್ ಮತ್ತು ಸಂಗಡಿಗರು ಮೂರು ಲಕ್ಷಕ್ಕೂ ಹೆಚ್ಚು ರೋಗಿಗಳ ಮಾಹಿತಿಯಿಂದ, ಒಂದೇ ಹಂತದಲ್ಲಿ ಹಿಡಿದು ಒಂದೇ ರೀತಿ ಚಿಕಿತ್ಸೆ ಕೊಟ್ಟರೆ ಬಣ್ಣ ಸಾವನ್ನು ಹೆಚ್ಚಿಸುವುದಿಲ್ಲ ಎಂದು ತೋರಿಸಿದ್ದರು. ಊಟದ ಪಾಳೆಯಕ್ಕೆ ಇದಕ್ಕಿಂತ ಕಠಿಣ ಉತ್ತರ ಬೇಕಿಲ್ಲ: ಆ ಸೈನಿಕರ ತಟ್ಟೆಯನ್ನು ಯಾರೂ ಬದಲಿಸಿರಲಿಲ್ಲ.

ಆದರೆ ಈ ಸಾಕ್ಷ್ಯವನ್ನು ಅದು ಹೇಳುವಷ್ಟಕ್ಕೆ ಮಾತ್ರ ಬಳಸಬೇಕು. ರೋಗ ಸಿಕ್ಕ ಮೇಲಿನ ಕಥೆ ಅದು. ರೋಗ ಬರುವ ಪ್ರಮಾಣ ಆ ಸೈನಿಕರಲ್ಲೂ ಕಪ್ಪು ಜನರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟಿದೆ ಎಂದು 2022ರ ಅಧ್ಯಯನ ಹೇಳಿತು. ಎಂಟನೆಯ ವರ್ಣತಂತುವಿನ 8ಕ್ಯು24 ಎಂಬ ಭಾಗದ ಅಪಾಯದ ರೂಪಗಳು 2006ರಲ್ಲಿ ಬೆಳಕಿಗೆ ಬಂದವು, ಆಫ್ರಿಕಾ ಮೂಲದವರಲ್ಲಿ ಅವು ಹೆಚ್ಚು. ಕೆರಿಬಿಯನ್ ದ್ವೀಪಗಳಲ್ಲೂ ಸಹಾರಾದ ಕೆಳಗಿನ ಆಫ್ರಿಕಾದಲ್ಲೂ ಈ ಕ್ಯಾನ್ಸರಿನ ಸಾವು ಲೋಕದಲ್ಲೇ ಅತಿ ಹೆಚ್ಚಿನದು. ಜಮೈಕಾದ ಊಟ ನ್ಯೂ ಆರ್ಲಿಯನ್ಸಿನ ಊಟವಲ್ಲ. ಇದನ್ನೆಲ್ಲ ನುಂಗಿ ಎಲ್ಲವೂ ಸಮಾಜವೇ ಎನ್ನುವವರು, ಎಲ್ಲವೂ ಊಟವೇ ಎನ್ನುವವರಿಗಿಂತ ಮೇಲೇನಲ್ಲ.

ನಮ್ಮ ಕಡೆಯ ಒಂದು ಹೆಮ್ಮೆಗೂ ಇಲ್ಲಿ ಉತ್ತರ ಹೇಳಬೇಕು. ಭಾರತದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಅಮೆರಿಕಕ್ಕಿಂತ ಬಹಳ ಕಡಿಮೆ ದಾಖಲಾಗುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರೂ ಸೇರಿ ನಮ್ಮವರು ಇದನ್ನು ಸೊಪ್ಪು ಸಾರಿನ ಮಹಿಮೆ ಎಂದು ಕೊಂಡಾಡುವುದುಂಟು. ಊಟಕ್ಕೆ ಪಾಲೇ ಇಲ್ಲ ಎನ್ನಲಾರೆ. ಅಮೆರಿಕಕ್ಕೆ ಹೋದ ಜಪಾನೀಯರಲ್ಲಿ ಈ ರೋಗ ಏರಿತೆಂದು 1968ರಲ್ಲೇ ಹೆನ್ಸೆಲ್ ಮತ್ತು ಕುರಿಹಾರ ತೋರಿಸಿದ್ದರು. ಆದರೆ ನಮ್ಮಲ್ಲಿ ಮೂತ್ರ ಕಟ್ಟಿದ ಮೇಲೆ, ಬೆನ್ನುಮೂಳೆ ನೋವು ಬಂದ ಮೇಲೆ ಪಿಎಸ್‌ಎ ನೋಡುವುದೇ ವಾಡಿಕೆ. ಪತ್ತೆಯಾದವರಲ್ಲಿ ದೊಡ್ಡ ಪಾಲು ಮುಂದುವರಿದ ಹಂತದವರು. ಜೀವಮಾನವೆಲ್ಲ ಮುದ್ದೆ ಸೊಪ್ಪುಸಾರು ತಿಂದವನೂ ಹಾಗೆ ತಡವಾಗಿ ಬಂದರೆ, ಮೇಲಿನ ವ್ಯಾಖ್ಯೆಯ ಪ್ರಕಾರ ಉಗ್ರ ಪಟ್ಟಿಗೇ ಸೇರುತ್ತಾನೆ. ಅವನ ತಟ್ಟೆಯನ್ನು ಯಾವ ಅಂಕಪಟ್ಟಿಯಲ್ಲಿ ಇಡುತ್ತೀರಿ?

ತೀರ್ಪು ಹೇಳುವುದಾದರೆ, ನಾರ್ತ್ ಕ್ಯಾರೊಲಿನಾ–ಲೂಯಿಸಿಯಾನಾ ಯೋಜನೆ ಹುಟ್ಟಿದ್ದು ಸಮಾಜ, ವ್ಯಕ್ತಿ, ಗಡ್ಡೆ ಈ ಮೂರನ್ನೂ ಒಟ್ಟಿಗೆ ನೋಡಲು. ಆಹಾರ ಅದರಲ್ಲಿ ಒಂದು ಎಳೆ ಮಾತ್ರ. ಹೊರಗೆ ಹೋಗಿ ಹೆಸರು ಮಾಡಿದ್ದು ಆ ಎಳೆ. ರೋಗಿ ಡಾಕ್ಟರನ್ನು ಹೇಗೆ ಕಂಡ, ಎಷ್ಟು ನಂಬಿದ, ಎಷ್ಟು ದೂರ ಹೋದ ಎಂಬ ಮಾಹಿತಿಯೂ ಅದೇ ಮನೆಗಳಿಂದ, ಅದೇ ನರ್ಸುಗಳ ಕೈಯಲ್ಲಿ ಬಂದದ್ದು. ಟಸ್ಕೀಗಿಯಲ್ಲಿ 1932ರಿಂದ 1972ರ ವರೆಗೆ ಕಪ್ಪು ಸಿಫಿಲಿಸ್ ರೋಗಿಗಳಿಗೆ ಚಿಕಿತ್ಸೆ ತಪ್ಪಿಸಿದ ದೇಶದಲ್ಲಿ ಆ ಮಾಹಿತಿಗೆ ಮಾಂಸದ ಗ್ರಾಂಗಳಿಗಿಂತ ಬೆಲೆ ಹೆಚ್ಚು. ಅದನ್ನು ಮುಂದಿಟ್ಟು ಆಹಾರವನ್ನು ಅದರ ಬಾಲವಾಗಿ ಓದಿದ್ದರೆ ಈ ಪ್ರಬಂಧಗಳು ಪ್ರಾಮಾಣಿಕವಾಗಿರುತ್ತಿದ್ದವು. ತಿರುಗಿಸಿ ಓದಿದ್ದರಿಂದ, ತಡವಾಗಿ ಬಂದವನಿಗೆ ನೀನು ತಪ್ಪು ತಿಂದೆ ಎಂಬ ಉಪದೇಶ ಸಿಕ್ಕಿತು.

ಕೆಂಪು ಮಾಂಸ ಕಡಿಮೆ ಮಾಡಿ ಎಂದು ಹೇಳಲೇಬೇಕೆಂದರೆ ಹೇಳಿ, ಆದರೆ ಸರಿಯಾದ ಕಾರಣ ಕೊಟ್ಟು ಹೇಳಿ. ಗ್ರಂಥಿಯೊಳಗೇ ಇರುವ ಸೌಮ್ಯ ಪ್ರಾಸ್ಟೇಟ್ ಕ್ಯಾನ್ಸರಿನ ಗಂಡಸರಲ್ಲಿ ಆ ಕ್ಯಾನ್ಸರಿಗಿಂತ ಹೃದಯದ ಕಾಯಿಲೆಯಿಂದ ಸಾಯುವವರೇ ಹೆಚ್ಚು. ಹೃದಯಕ್ಕೆ ಆ ಸಲಹೆ ಒಳ್ಳೆಯದು, ಅದಕ್ಕೆ ಗಟ್ಟಿ ಆಧಾರವೂ ಇದೆ. ಕಪ್ಪು ಗಂಡಸರ ಸಾವಿನ ಅಂತರ ಇಳಿಸುವುದು ಬೇರೆಯದೇ ಕೆಲಸ: ಪಿಎಸ್‌ಎ ಬಗ್ಗೆ ಅವರೊಡನೆ ಬೇಗ ಮಾತಾಡುವುದು, ಅಂಕಿ ಏರಿದರೆ ಬಯಾಪ್ಸಿ ತಡವಾಗದಂತೆ ನೋಡಿಕೊಳ್ಳುವುದು, ಶಸ್ತ್ರಚಿಕಿತ್ಸೆಯೋ ವಿಕಿರಣವೋ ಎಲ್ಲರಿಗೂ ಒಂದೇ ಗುಣಮಟ್ಟದಲ್ಲಿ ಸಿಗುವಂತೆ ಮಾಡುವುದು. ಸೈನಿಕರ ಆಸ್ಪತ್ರೆಗಳು ಅದನ್ನು ಮಾಡಿ ತೋರಿಸಿವೆ. ಮಾಡಿ ತೋರಿಸಿದ ಕೆಲಸ ಕಣ್ಣೆದುರಿಗಿರುವಾಗ, ಪ್ರಯೋಗದಲ್ಲಿ ಗೆಲ್ಲದ ಊಟದ ಲೆಕ್ಕಕ್ಕೆ ಅದಕ್ಕಿಂತ ಎತ್ತರದ ಪೀಠ ಕೊಡುವುದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ.